ಐರಿನ್ ಬಾಯಮ್ಮನ ಮೊದಲ ಓಟು

"ಉಮ್ಮಾ, ಐರಿನ್ ಓಮಾ ಮೊದಲು ಸ್ಕ್ಲಾವಿನ್ ಆಗಿದ್ರಾ?"

ಹಿಬಾ ಇದನ್ನು ಕೇಳಿದ್ದು ಮಂಗಳವಾರ ಮಧ್ಯಾಹ್ನ, ಶಾಲೆಯಿಂದ ಬಂದು ಬೂಟು ಬಿಚ್ಚುವಾಗ. ಒಂದು ಬೂಟು ಕಾಲಿನಲ್ಲಿತ್ತು, ಇನ್ನೊಂದು ಕೈಯಲ್ಲಿ. ಜರ್ಮನ್ನಿನಲ್ಲಿ ಸ್ಕ್ಲಾವಿನ್ ಅಂದರೆ ಗುಲಾಮಳು. ಏಳು ವರ್ಷದ ಹುಡುಗಿಯ ಬಾಯಲ್ಲಿ ಆ ಶಬ್ದ, ಅದೂ ಕೆಳಗಿನ ಮನೆಯ ಐರಿನ್ ಬಾಯಮ್ಮನ ಬಗ್ಗೆ. ನಾನು ಒಲೆ ಸಣ್ಣ ಮಾಡಿ ಬಂದು ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತೆ.

"ಯಾರು ಹೇಳಿದ್ದು ನಿನಗೆ?"

"ಯಾರೂ ಹೇಳ್ಲಿಲ್ಲ. ನಾನೇ ಲೆಕ್ಕ ಹಾಕಿದ್ದು."

ಅವಳ ಲೆಕ್ಕ ಎಲ್ಲಿಂದ ಶುರುವಾಯಿತೆಂದರೆ, ಈ ಭಾನುವಾರ ಇಡೀ ಜರ್ಮನಿಗೆ ಚುನಾವಣೆ. ಶಾಲೆಯ ದಾರಿಯ ದೀಪದ ಕಂಬಗಳಲ್ಲೆಲ್ಲ ಒಬ್ಬೊಬ್ಬರ ಮುಖ ನೇತಾಡುತ್ತಿದೆ. ಅವರೆಲ್ಲ ಯಾರು ಎಂದು ಮಕ್ಕಳು ಕೇಳಿದ್ದಕ್ಕೆ ಟೀಚರ್ ಫ್ರಾವ್ ಕೆಲ್ಲರ್ ಓಟು ಎಂದರೇನು ಎಂದು ಪಾಠ ಮಾಡಿದ್ದಾರೆ. ಜೊತೆಗೆ ಮಥಿಲ್ಡ ಎಂಬವಳ ಕಥೆಯನ್ನೂ ಹೇಳಿದ್ದಾರೆ. ಈ ಬಾಡೆನ್ ಸೀಮೆಯಲ್ಲಿ ದೊರೆಯ ವಿರುದ್ಧ ದಂಗೆಯೆದ್ದ ಕಾಲದಲ್ಲಿ ಗಂಡನ ಜೊತೆ ಕುದುರೆ ಏರಿ ಹೊರಟವಳು ಆಕೆ. ದಂಗೆ ಸೋತಿತು. ಗಂಡ ಹೆಂಡತಿ ಅಮೆರಿಕಕ್ಕೆ ಓಡಿದರು. ಅಲ್ಲಿ ಆಕೆ ಗುಲಾಮರನ್ನು ಬಿಡಬೇಕು ಎಂದು ಬರೆದಳು, ಹೆಂಗಸರಿಗೆ ಓಟು ಬೇಕು ಎಂದು ಊರೂರು ತಿರುಗಿ ಭಾಷಣ ಮಾಡಿದಳು. ಕಡೆಗೆ ತಾನು ಒಂದೇ ಒಂದು ಓಟನ್ನೂ ಹಾಕದೆ ತೀರಿಕೊಂಡಳು. ಹಿಬಾಳಿಗೆ ಇದರಲ್ಲಿ ಹಿಡಿಸಿದ್ದು ಕುದುರೆ. ಉಳಿದದ್ದು ತಲೆಯೊಳಗೆ ಕೂತು ಬೇರೆ ಕೆಲಸ ಮಾಡಿತ್ತು.

"ಗುಲಾಮರಿಗೆ ಓಟಿಲ್ಲ," ಎಂದು ಅವಳು ಬೆರಳು ಮಡಚಿದಳು. "ಹೆಂಗಸರಿಗೂ ಓಟಿಲ್ಲ. ಆಮೇಲೆ ಎಲ್ಲರನ್ನೂ ಬಿಟ್ರು, ಎಲ್ಲರಿಗೂ ಓಟು ಸಿಕ್ಕಿತು. ಅದು ತುಂಬ ಹಳೇದು. ಆದ್ರೆ ಐರಿನ್ ಓಮಾ ಈ ಸಂಡೇ ಫಸ್ಟ್ ಟೈಮ್ ಹಾಕುದು ಅಂತ ಅವರೇ ಹೇಳಿದ್ದು. ಹಾಗಾದ್ರೆ ಅವರನ್ನು ಈಗ ಬಿಟ್ಟದ್ದಾ?"

"ಅವರ ಪಾಸ್‌ಪೋರ್ಟ್ ಇಷ್ಟು ದಿನ ಇಂಡಿಯಾದ್ದಿತ್ತು, ಅದಕ್ಕೆ ಇಲ್ಲಿ ಓಟಿರಲಿಲ್ಲ," ಎಂದೆ.

"ನಿಂದೂ ಇಂಡಿಯಾದ್ದೇ. ಹಾಗಾದ್ರೆ ನೀನೂ..."

"ಇನ್ನೊಂದು ಬೂಟು ಬಿಚ್ಚು," ಎಂದೆ.

ಸೇಂಟ್ ಲಿಯೋನ್-ರೋಟ್‌ನ ಈ ಮನೆಗೆ ನಾವು ಬಂದಾಗ ಹಿಬಾ ನನ್ನ ಹೊಟ್ಟೆಯಲ್ಲಿದ್ದಳು. ನನ್ನ ಗಂಡ ಝುಹೈಬ್‌ಗೆ ಇಲ್ಲಿಂದ ವಾಲ್‌ಡಾರ್ಫಿನ ಆಫೀಸು ಹತ್ತಿರ, ಸೈಕಲ್ಲಿನಲ್ಲೇ ಹೋಗುತ್ತಾರೆ. ಸಾಮಾನು ಇಳಿಸುತ್ತಿದ್ದ ದಿನ ಕೆಳಗಿನ ಮನೆಯ ಕಿಟಕಿಯಿಂದ ತೆಂಗಿನೆಣ್ಣೆಯ ಒಗ್ಗರಣೆಯ ಪರಿಮಳ ಬಂತು. ಏದುಸಿರು ಬಿಡುತ್ತಾ ಮೆಟ್ಟಿಲಲ್ಲಿ ಕೂತಿದ್ದ ನನ್ನನ್ನು ನೋಡಿ ಬಿಳಿಕೂದಲಿನ, ಗಿಡ್ಡ ಮೈಯ ಹೆಂಗಸೊಬ್ಬರು ಬಾಗಿಲು ತೆರೆದು ಜರ್ಮನ್ನಿನಲ್ಲಿ ಏನೋ ಕೇಳಿದರು. ನಾನು ನಮ್ಮೂರಿನ ರಾಗದ ಇಂಗ್ಲಿಷಿನಲ್ಲಿ ತಡವರಿಸಿದೆ. "ಎಲ್ಲಿಯವರು?" ಎಂದು ಅವರು ಕನ್ನಡದಲ್ಲಿ ಕೇಳಿದರು. ಪುತ್ತೂರು ಎಂದೆ. "ಪುತ್ತೂರಲ್ಲಿ ಎಲ್ಲಿ?" ಎಂದರು. ಅಷ್ಟರಲ್ಲಿ ನನಗೆ ಅಳು ಬಂದಿತ್ತು.

ಉಡುಪಿಯ ಹತ್ತಿರದ ಕಲ್ಯಾಣಪುರದವರು ಅವರು. ಕ್ರೈಸ್ತ ಹೆಂಗಸರನ್ನು ಕರೆಯುವ ನಮ್ಮ ಕಡೆಯ ರೂಢಿಯಂತೆ ನಾನು ಬಾಯಮ್ಮ ಅನ್ನುತ್ತೇನೆ. ಹಿಬಾಳಿಗೆ ಅವರು ಓಮಾ, ಎಂದರೆ ಅಜ್ಜಿ. ಜೀವಮಾನವೆಲ್ಲ ನರ್ಸ್ ಆಗಿದ್ದು ನಿವೃತ್ತರಾದವರು. ಹಿಬಾ ಹುಟ್ಟಿ ಮನೆಗೆ ಬಂದಾಗ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದ್ದು ಅವರು. ನೋಡಲು ಬಂದ ಜರ್ಮನ್ ಸೂಲಗಿತ್ತಿ ಅಷ್ಟು ಎಣ್ಣೆ ಯಾಕೆ ಎಂದು ಕೇಳಿದ್ದಕ್ಕೆ, ನೀನು ಹುಟ್ಟುವ ಮೊದಲಿನಿಂದ ನಾನು ಈ ಕೆಲಸ ಮಾಡ್ತಿದ್ದೇನೆ ಎಂದು ನಗುತ್ತಲೇ ಹೇಳಿ ಬಾಯಿ ಮುಚ್ಚಿಸಿದ್ದರು. ಹಿಬಾ ಕನ್ನಡ ಕಲಿತದ್ದೂ ಅವರಿಂದ. ಮನೆಯಲ್ಲಿ ನಾವು ಬ್ಯಾರಿ ಭಾಷೆ ಆಡುವವರು, ಅವರ ಮನೆಯಲ್ಲಿ ಕೊಂಕಣಿ. ಇಬ್ಬರಿಗೂ ನಡುವೆ ಇರುವುದು ಕನ್ನಡ.

ಅವರ ಕತ್ತಿನಲ್ಲಿ ಶಿಲುಬೆಯ ಸರದ ಜೊತೆಗೆ ಇನ್ನೊಂದು ದಾರ ಇರುತ್ತದೆ. ದಾರದ ತುದಿಗೆ ಒಂದು ಬಟ್ಟೆಯ ಚೀಲ, ಮೊನ್ನೆ ಮೊನ್ನೆಯವರೆಗೆ ಅದರೊಳಗೆ ಪಾಸ್‌ಪೋರ್ಟ್. ಬೆಳಿಗ್ಗೆ ಬೇಕರಿಗೆ ಬ್ರೆಡ್ ತರಲು ಹೋಗುವಾಗಲೂ ಅದು ಎದೆಯ ಮೇಲಿರಬೇಕು. ವಯಸ್ಸಾದವರಿಗೆ ಇಂಥ ಒಂದೊಂದು ಚಾಳಿ ಎಂದುಕೊಂಡಿದ್ದೆ.

ಅವರ ಗಂಡ ಪೀಟರ್ ಅಂಕಲ್‌ರದು ಬೇರೆ ಚಾಳಿ. ಕಾಗದಪತ್ರ. ಯಂತ್ರ ಮಾಡುವ ಕಾರ್ಖಾನೆಯಲ್ಲಿ ದುಡಿದವರಾದರೂ ಅವರಿಗೆ ಪ್ರೀತಿ ಇರುವುದು ಸರಕಾರಿ ಫಾರ್ಮುಗಳ ಮೇಲೆ. ಈ ಸುತ್ತಿನ ಕನ್ನಡದವರು ಬಾಡಿಗೆ, ತೆರಿಗೆ, ವೀಸಾ ಅಂತ ಏನೇ ಕಾಗದ ಬಂದರೂ ಅವರ ಅಡುಗೆಮನೆಯ ಮೇಜಿಗೆ ತರುತ್ತಾರೆ. ಕನ್ನಡದವರ ರಾಟ್‌ಹೌಸ್ ಎಂದು ಝುಹೈಬ್ ತಮಾಷೆ ಮಾಡುವುದುಂಟು. ರಾಟ್‌ಹೌಸ್ ಅಂದರೆ ಇಲ್ಲಿನ ಪುರಸಭೆ. ಅಂಕಲ್ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು, ಸಹಿ ಹಾಕಬೇಕಾದ ಜಾಗದಲ್ಲಿ ತೆಳ್ಳಗೆ ಒಂದು ಗುರುತು ಮಾಡಿ ಕೊಡುತ್ತಾರೆ. ಸಹಿಯಾದ ಮೇಲೆ ಗುರುತನ್ನು ರಬ್ಬರಿನಿಂದ ಉಜ್ಜಿ, ಪುಡಿಯನ್ನು ಊದಿ, ಲಕೋಟೆಗೆ ಹಾಕುತ್ತಾರೆ. ಹಿಬಾ ಹುಟ್ಟಿದಾಗಿನ ನಮ್ಮ ಕಾಗದಗಳನ್ನೆಲ್ಲ ಅವರೇ ಮಾಡಿಕೊಟ್ಟದ್ದು. ಐರಿನ್ ಬಾಯಮ್ಮನ ಕಾಗದಗಳಂತೂ ಮದುವೆಯಾದಂದಿನಿಂದ ಅವರ ಪಾಲು. ಪೆನ್ಸಿಲ್ ಗುರುತು ಇದ್ದಲ್ಲಿ ಇವರು ಸಹಿ ಹಾಕುತ್ತಾರೆ, ಮುಗಿಯಿತು. "ಓದ್ಲಿಕ್ಕೆ ನನಗೂ ಬರ್ತದೆ," ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು. "ಆದ್ರೆ ಇವರಿಗೆ ಅದೊಂದು ಸಂತೋಷ."

ಬುಧವಾರ ನಾನು ಹಿಬಾಳನ್ನು ಕರೆದುಕೊಂಡು ಕೆಳಗೆ ಹೋದೆ. ಅವಳು ಒಬ್ಬಳೇ ಹೋಗಿ ಆ ಪ್ರಶ್ನೆ ಕೇಳುವುದಕ್ಕಿಂತ ನಾನು ಜೊತೆಗಿದ್ದು ವಿಷಯ ತಿರುಗಿಸುವುದು ಲೇಸು ಎಂದುಕೊಂಡಿದ್ದೆ. ತಿರುಗಿಸಲು ಅವಳು ಸಮಯ ಕೊಡಲಿಲ್ಲ. ಕುರ್ಚಿ ಹತ್ತಿ ಕೂತವಳೇ ಕೇಳಿದಳು.

ಐರಿನ್ ಬಾಯಮ್ಮ ಕೇಕ್ ಕತ್ತರಿಸುತ್ತಿದ್ದರು. ಚಾಕು ಹಿಡಿದುಕೊಂಡೇ ನಕ್ಕರು. "ಗುಲಾಮಳಾ? ಬೆಡ್‌ಪ್ಯಾನ್ ತೊಳೆದದ್ದು ಲೆಕ್ಕಕ್ಕೆ ಉಂಟಾದ್ರೆ ಹೌದು ಮಗಾ."

ನಾನೂ ನಕ್ಕೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಮಾತ್ರ ಚಾಕು ಕೆಳಗಿಟ್ಟು, ಕುರ್ಚಿ ಎಳೆದು, ಹಿಬಾಳ ಎದುರಿಗೆ ದೊಡ್ಡವರ ಎದುರು ಕೂರುವ ಹಾಗೆ ಕೂತರು.

"ಹದಿನೆಂಟು ನನಗೆ. ಎಪ್ಪತ್ತೊಂದನೇ ಇಸವಿ. ಜರ್ಮನಿಯ ಸಿಸ್ಟರ್‌ಗಳ ಆಸ್ಪತ್ರೆಗೆ ಹುಡುಗಿಯರು ಬೇಕಂತೆ, ನರ್ಸಿಂಗ್ ಕಲಿಸ್ತಾರಂತೆ ಅಂತ ನಮ್ಮ ಇಗರ್ಜಿಯ ಪಾದ್ರಿಗಳು ಬಂದು ಹೇಳಿದ್ರು. ನಾವು ಏಳು ಜನ ಮಕ್ಕಳು. ಅಪ್ಪ ಕೇಳಿದ್ರು, ಹೋಗ್ತೀಯಾ ಅಂತ. ನಾನು ಹೂಂ ಅಂದೆ. ಯಾಕೆ ಹೂಂ ಅಂದೆ ಅಂತ ಇವತ್ತಿಗೂ ಗೊತ್ತಿಲ್ಲ. ವಿಮಾನ ನೋಡುವ ಆಸೆಗೆ ಇರಬೇಕು."

ಶಿರ್ವ, ಮೂಲ್ಕಿ ಕಡೆಯ ಹುಡುಗಿಯರೂ ಸೇರಿ ಒಂದು ಗುಂಪು ಬಂದಿತ್ತು. ಆಸ್ಪತ್ರೆ ಯಾವ ಊರಿನದು ಎಂದು ಅವರು ಹೇಳಲಿಲ್ಲ. "ಆ ಸಿಸ್ಟರ್‌ಗಳೆಲ್ಲ ಸತ್ತಿದ್ದಾರೆ, ಬಿಡು" ಎಂದರು. ತಲುಪಿದ ದಿನವೇ ಸನ್ಯಾಸಿನಿಯರ ಮುಖ್ಯಸ್ಥೆಯಾಗಿದ್ದ ದೊಡ್ಡ ಸಿಸ್ಟರ್ ಎಲ್ಲರ ಪಾಸ್‌ಪೋರ್ಟು ತೆಗೆದುಕೊಂಡು, ಒಂದು ಲಾಡಿಯಲ್ಲಿ ಕಟ್ಟಿ, ತಮ್ಮ ಮೇಜಿನ ಡ್ರಾಯರಿನಲ್ಲಿಟ್ಟರು. ಕಳೆದುಹೋಗಬಾರದಲ್ಲ ಎಂದು.

"ಕಳೆದು ಹೋಗ್ತಿತ್ತು ಕೂಡ ರಿಜ್ವಾನಾ," ಎಂದು ನನ್ನ ಕಡೆ ತಿರುಗಿದರು. "ರೂಮಿನ ಬೀಗದ ಕೈ ಎಲ್ಲಿಟ್ಟದ್ದು ಅಂತಲೇ ನಮಗೆ ನೆನಪಿರ್ತಿರಲಿಲ್ಲ."

ಬೆಳಿಗ್ಗೆ ವಾರ್ಡಿನ ನೆಲ ಒರೆಸಬೇಕು, ಸಂಜೆ ಪಾಠ. ಹೊರಗೆ ಹೋಗುವುದಾದರೆ ಕೇಳಿ, ಇಬ್ಬಿಬ್ಬರಾಗಿ ಹೋಗಬೇಕು. ಮನೆಗೆ ಬರೆದ ಕಾಗದವನ್ನು ಅಂಟಿಸದೆ ಕೊಡಬೇಕು.

"ಹೊಡೀತಿದ್ರಾ?" ಹಿಬಾ ಕೇಳಿದಳು.

"ಇಲ್ಲ ಮಗಾ. ಕೇಕ್ ಕೊಡ್ತಿದ್ರು."

ಹಿಬಾ ತನ್ನ ತಟ್ಟೆಯ ಕೇಕನ್ನು ನೋಡಿದಳು. ಅವಳ ಕಥೆಯಲ್ಲಿ ಕೇಕಿಗೆ ಜಾಗವಿರಲಿಲ್ಲ.

"ಎರಡನೇ ಚಳಿಗಾಲದಲ್ಲಿ ನನಗೆ ನ್ಯುಮೋನಿಯಾ ಬಂತು. ಆ ದೊಡ್ಡ ಸಿಸ್ಟರ್ ನನ್ನ ಮಂಚದ ಹತ್ತಿರ ಕುರ್ಚಿ ಹಾಕಿ ಕೂತವರು ಜ್ವರ ಬಿಡುವ ತನಕ ಏಳಲಿಲ್ಲ. ನನ್ನ ಅಮ್ಮನಿಗೂ ಹಾಗೆ ಕೂರ್ಲಿಕ್ಕೆ ಆಗ್ತಿರಲಿಲ್ಲ, ಅವಳಿಗೆ ಇನ್ನೂ ಆರು ಮಕ್ಕಳು. ಆ ಜ್ವರ ಬಿಟ್ಟ ಮೇಲೆ ಊರಿಂದ ಟೆಲಿಗ್ರಾಂ ಬಂತು. ಅಪ್ಪ ಹೋದ್ರು ಅಂತ." ಅವರು ಮೇಜಿನ ಮೇಲಿನ ಕೇಕಿನ ಪುಡಿಯನ್ನು ಬೆರಳಿನಿಂದ ಒಟ್ಟು ಮಾಡುತ್ತಿದ್ದರು. "ಊರಿಗೆ ಹೋಗ್ಬೇಕಿತ್ತು. ಪಾಸ್‌ಪೋರ್ಟ್ ಡ್ರಾಯರಲ್ಲಿ. ನಾನು ಅವರ ರೂಮಿನ ಬಾಗಿಲಲ್ಲಿ ಹೋಗಿ ನಿಂತೆ. ಕೇಳ್ಲಿಲ್ಲ. ಅವರೂ ಕೊಡ್ಲಿಲ್ಲ. ಇಗರ್ಜಿಯಲ್ಲಿ ಅಪ್ಪನ ಹೆಸರಲ್ಲಿ ಒಂದು ಪೂಜೆ ಇಡಿಸಿದ್ರು. ಒಳ್ಳೆ ದೊಡ್ಡ ಪೂಜೆಯೇ."

ಪರೀಕ್ಷೆ ಪಾಸಾಗಿ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದ ದಿನ ಅವರು ಮೊದಲ ಸಲ ಬಾಯಿಬಿಟ್ಟು ಕೇಳಿದರಂತೆ.

"ನನ್ನ ಪಾಸ್‌ಪೋರ್ಟ್ ಕೊಡಿ ಅಂದೆ. ಆ ಡ್ರಾಯರಿಗೆ ಬೀಗವೇ ಇರ್ಲಿಲ್ಲ ರಿಜ್ವಾನಾ. ಎಳೆದು, ತೆಗೆದು, ಕೊಟ್ರು. ಕೊಡುವಾಗ ಎಂತ ಹೇಳಿದ್ರು ಗೊತ್ತುಂಟಾ? 'ಮಗೂ, ನೀನು ಯಾವತ್ತೂ ಕೇಳಲೇ ಇಲ್ಲವಲ್ಲ' ಅಂತ. ಅವರು ಹೇಳಿದ್ದು ಸತ್ಯವಾ ಸುಳ್ಳಾ ಅಂತ ಐವತ್ತು ವರ್ಷದಿಂದ ಯೋಚನೆ ಮಾಡ್ತಾ ಇದ್ದೇನೆ. ಅಪ್ಪ ಸತ್ತಾಗ ಕೇಳಿದ್ರೆ ಕೊಡ್ತಿದ್ರಾ? ಕೊಡ್ತಿದ್ರೋ ಏನೋ."

ಚೀಲ ಕತ್ತಿಗೆ ಬಂದದ್ದು ಆ ದಿನ. ಓಟು ಇಲ್ಲದೆ ಹೋದದ್ದೂ ಅದರಿಂದಲೇ. ಅವರು ಊರು ಬಿಡುವಾಗ ನಮ್ಮಲ್ಲಿ ಓಟಿಗೆ ಇಪ್ಪತ್ತೊಂದು ತುಂಬಬೇಕಿತ್ತು. ತುಂಬುವಾಗ ಅವರು ಇಲ್ಲಿದ್ದರು. ಇಲ್ಲಿ ಓಟು ಬೇಕಾದರೆ ಜರ್ಮನ್ ಪೌರತ್ವ ಬೇಕು, ಅದು ಬೇಕಾದರೆ ಇಂಡಿಯಾದ ಪಾಸ್‌ಪೋರ್ಟ್ ಬಿಟ್ಟುಕೊಡಬೇಕು. ಪೀಟರ್ ಅಂಕಲ್ ಮತ್ತು ಮಗ ಜೋಶುವಾ ಎಂದೋ ಜರ್ಮನ್ನರಾದರು.

"ನನಗೆ ಮಾತ್ರ ಅದನ್ನು ಇನ್ನೊಂದು ಸಲ ಯಾರದೋ ಮೇಜಿನ ಮೇಲೆ ಇಡ್ಲಿಕ್ಕೆ ಕೈ ಬರ್ಲಿಲ್ಲ," ಎಂದರು ಐರಿನ್ ಬಾಯಮ್ಮ.

ಕಳೆದ ವರ್ಷ ಕಾನೂನು ಬದಲಾಗಿ, ಆ ಕಾಲದಲ್ಲಿ ದುಡಿಯಲು ಬಂದ ಹಿರಿಯರಿಗೆ ಪೌರತ್ವದ ಪರೀಕ್ಷೆ ಇಲ್ಲ ಎಂದಾಯಿತು. ಜೋಶುವಾ ತಾನಿರುವ ಊರು ಗಾರ್ಕಿಂಗ್‌ನಿಂದ ಬಿಡದೆ ಫೋನ್ ಮಾಡಿದ. ಕಲ್ಯಾಣಪುರದಲ್ಲಿದ್ದ ಐರಿನ್ ಬಾಯಮ್ಮನ ತಾಯಿಯೂ ತೀರಿಕೊಂಡಿದ್ದರು. ಒಂದು ದಿನ ಇವರು 'ಆಯ್ತು' ಎಂದರು. ಮೂಲೆ ಕತ್ತರಿಸಿ ರದ್ದು ಮಾಡಿದ ಹಳೆಯ ಪಾಸ್‌ಪೋರ್ಟ್ ಈಗ ಯೇಸುವಿನ ಪಟದ ಹಿಂದೆ ಇದೆ, ಖಾಲಿ ಚೀಲ ಮಾತ್ರ ಇನ್ನೂ ಕತ್ತಿನಲ್ಲೇ.

"ಹಾಗಾದ್ರೆ ಸ್ವಲ್ಪ ಸ್ಕ್ಲಾವಿನ್," ಎಂದು ಹಿಬಾ ತೀರ್ಮಾನ ಕೊಟ್ಟಳು.

"ಸ್ವಲ್ಪ ಅಂತ ಇರ್ತದಾ?"

"ಗೊತ್ತಿಲ್ಲ. ಫ್ರಾವ್ ಕೆಲ್ಲರ್ ಹತ್ರ ಕೇಳ್ತೇನೆ."

"ಕೇಳಿ ನನಗೂ ಹೇಳು," ಎಂದರು ಐರಿನ್ ಬಾಯಮ್ಮ. ಅದು ತಮಾಷೆಯೋ ಅಲ್ಲವೋ ತಿಳಿಯಲಿಲ್ಲ.

ಅಷ್ಟರಲ್ಲಿ ಪೀಟರ್ ಅಂಕಲ್ ನೆಲಮಾಳಿಗೆಯಿಂದ ಆಲೂಗಡ್ಡೆಯ ಬುಟ್ಟಿ ಹಿಡಿದುಕೊಂಡು ಬಂದರು. ಓಟಿನ ಮಾತು ಕಿವಿಗೆ ಬಿದ್ದಿತ್ತು. "ಎಂತ ಹಿಬಾ, ಇಂಟರ್‌ವ್ಯೂವಾ? ಬರ್ಕೊ. ನಿನ್ನ ಓಮಾದ ಓಟು ರೆಡಿ."

ಅವರು ಶೆಲ್ಫಿನಿಂದ ಒಂದು ಕೆಂಪು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಬ್ರೀಫ್‌ವಾಲ್, ಎಂದರೆ ಅಂಚೆಯಲ್ಲಿ ಕಳಿಸುವ ಓಟು.

"ಈ ಮಂಡಿನೋವಲ್ಲಿ ಇವಳು ಅಲ್ಲಿ ಹೋಗಿ ಸಾಲಲ್ಲಿ ನಿಲ್ಲುದು ಯಾಕೆ ಅಂತ ನಾನೇ ಬರೆದು ಮನೆಗೆ ತರಿಸಿದ್ದು. ಮತಪತ್ರ ಈ ಉದ್ದ ಉಂಟು ರಿಜ್ವಾನಾ. ಎರಡು ಓಟು, ಒಂದು ಜನಕ್ಕೆ, ಒಂದು ಪಕ್ಷಕ್ಕೆ. ಹೊಸಬರಿಗೆ ತಲೆ ತಿರುಗ್ತದೆ. ನಾನೇ ಎಲ್ಲ ಓದಿ, ಹಾಕಿ, ಒಳಗಿನ ಲಕೋಟೆ ಅಂಟಿಸಿ ಇಟ್ಟಿದ್ದೇನೆ. ಇವಳ ಒಂದು ಸೈನ್ ಬಾಕಿ. ಕೈ ನೋಯ್ತದೆ ಅಂತಾಳೆ. ಕೇಕ್ ಕಲಸುವಾಗ ನೋಯುದಿಲ್ಲ."

"ಯಾರಿಗೆ ಹಾಕಿದ್ದು ಅಂತ ಓಮಾಗೆ ಗೊತ್ತುಂಟಾ?" ಹಿಬಾ ಕೇಳಿದಳು.

"ನನಗೆ ಗೊತ್ತುಂಟಲ್ಲ. ಸಾಕಲ್ವಾ?"

ಅವರು ನಕ್ಕರು. ಬೇರೆ ಯಾರೂ ನಗಲಿಲ್ಲ.

"ಅದು ಗುಟ್ಟು," ಎಂದಳು ಹಿಬಾ. "ಓಮಾ ಒಬ್ಬರೇ ಹಾಕ್ಬೇಕು. ನೀವು ಎರಡು ಸಲ ಹಾಕಿದ್ದು, ಒಂದು ನಿಮ್ಮದು, ಒಂದು ಓಮಾದ್ದು. ಗಿಲ್ಟ್ ನಿಖ್ಟ್." ಆಟದಲ್ಲಿ ಮೋಸವಾದಾಗ ಇಲ್ಲಿನ ಮಕ್ಕಳು ಹೇಳುವ ಮಾತು ಅದು, ಲೆಕ್ಕಕ್ಕಿಲ್ಲ ಎಂದರ್ಥ.

ನಾನು ಅವಳ ತೊಡೆ ಚಿವುಟಿದೆ. ಪೀಟರ್ ಅಂಕಲ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರ ಮುಖದಲ್ಲಿದ್ದದ್ದು ಬರೀ ಗೊಂದಲ. "ಎಲ್ಲ ಪೇಪರ್ ನಾನೇ ಮಾಡಿದ್ದಲ್ವಾ ಐರಿನ್ ಇಷ್ಟು ವರ್ಷ? ಇದಕ್ಕೂ ನೀನೇ ಹೇಳಿದ್ದಲ್ವಾ, ನೀವೇ ನೋಡಿ ಅಂತ?"

"ಹೌದು. ಹೇಳಿದ್ದೇನೆ," ಎಂದರು ಐರಿನ್ ಬಾಯಮ್ಮ, ಕೇಕಿನ ಪುಡಿಯ ಮೇಲಿಂದ ಕಣ್ಣೆತ್ತದೆ.

ಲಕೋಟೆಯಿಂದ ಅರ್ಧ ಹೊರಗೆ ಬಂದಿದ್ದ ಕಾಗದ ನನ್ನ ಕಡೆಗಿತ್ತು. ಮತಪತ್ರದ ಮೇಲಿನ ಗುರುತು ಸ್ವತಃ ನಾನೇ ಹಾಕಿದ್ದು ಎಂದು ಪ್ರಮಾಣ ಮಾಡುತ್ತೇನೆ, ಎಂದು ಅಚ್ಚಾಗಿತ್ತು. ಅದರ ಕೆಳಗೆ ಸಹಿಯ ಜಾಗದಲ್ಲಿ ತೆಳ್ಳಗೆ ಪೆನ್ಸಿಲ್ ಗುರುತು. ನಮ್ಮ ವೀಸಾದ ಅರ್ಜಿಯಲ್ಲಿ, ಹಿಬಾಳ ಜನನಪತ್ರದ ಅರ್ಜಿಯಲ್ಲಿ ನಾನು ನೋಡಿದ್ದ ಅದೇ ಗುರುತು.

ಆ ಸಂಜೆ ದಿನಚರಿಯಲ್ಲಿ ಒಂದೇ ಸಾಲು ಬರೆದೆ: ಪೀಟರ್ ಅಂಕಲ್ ಒಳ್ಳೆಯವರು. ಬರೆದು ಓದಿದಾಗ ಅದು ಯಾರದೋ ಮೇಲಿನ ದೂರಿನ ಹಾಗೆ ಕಂಡಿತು.

ಊಟಕ್ಕೆ ಕೂತಾಗ ಝುಹೈಬ್‌ಗೆ ಎಲ್ಲ ಹೇಳಿದೆ.

"ನೀನು ಅದರ ಮಧ್ಯೆ ಹೋಗ್ಬೇಡ," ಎಂದರು.

"ಅದು ತಪ್ಪಲ್ವಾ?"

"ತಪ್ಪೇ. ಆದ್ರೆ ಅವರ ಮನೆ ವಿಷಯ."

"ಓಟು ಮನೆ ವಿಷಯವಾ?"

ಝುಹೈಬ್ ರೊಟ್ಟಿ ಮುರಿದರು. "ಗೊತ್ತಿಲ್ಲ ಮಾರಾಯ್ತಿ. ಬಾಯಮ್ಮನೇ ಸುಮ್ಮನಿರುವಾಗ ನೀನು ಎಂತ ಹೇಳುದು?" ಆಮೇಲೆ ನೆನಪಾದವರ ಹಾಗೆ ಫ್ರಿಡ್ಜಿನ ಕಡೆ ನೋಡಿದರು. "ನಿನ್ನ ಫಾರ್ಮ್ ಕೂಡ ಅಲ್ಲೇ ಉಂಟಲ್ಲ ಇನ್ನೂ. ಕೊಡು, ನಾನೇ ತುಂಬಿಸ್ತೇನೆ."

ಅದು ನಮ್ಮ ಪೌರತ್ವದ ಅರ್ಜಿ. ಝುಹೈಬ್ ತಮ್ಮದನ್ನು ತುಂಬಿಸಿ ಆಗಿದೆ. ನನ್ನದು ಫ್ರಿಡ್ಜಿನ ಮೇಲೆ ಖಾಲಿ ಬಿದ್ದಿದೆ. ಬೇಡ ಎಂದೇನಿಲ್ಲ. ಹಿಬಾ ಇಲ್ಲಿಯವಳೇ, ನಾವು ಇಲ್ಲೇ ಇರುವವರೇ. ಆದರೂ ಪೆನ್ನು ಹಿಡಿದಾಗಲೆಲ್ಲ ಬೇರೇನೋ ಕೆಲಸ ನೆನಪಾಗುತ್ತದೆ. ಪುತ್ತೂರಿನಲ್ಲಿ ನಾನು ಮೊದಲ ಓಟು ಹಾಕಿದ ದಿನ ನನ್ನ ತಂದೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ, ದಾರಿಯುದ್ದಕ್ಕೂ ಯಾರಿಗೆ ಹಾಕಬೇಕೆಂದು ವಿವರಿಸಿದ್ದರು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೊರಗೆ ಬಂದೆ. ಅವರು ಹೇಳಿದವರಿಗೆ ಹಾಕಿದೆನಾ ಇಲ್ಲವಾ ಎಂದು ಇವತ್ತಿನವರೆಗೂ ಅವರಿಗೆ ಹೇಳಿಲ್ಲ. ಅವರೂ ಕೇಳಿಲ್ಲ. ಆ ಶಾಯಿ ಉಗುರಿನ ಬುಡದಲ್ಲಿ ಬಹಳ ದಿನ ಇತ್ತು.

"ಇರಲಿ, ಆಮೇಲೆ ನೋಡುವಾ," ಎಂದೆ.

ಗುರುವಾರ ಹಿಬಾ ಶಾಲೆಗೆ ಹೋದ ಮೇಲೆ ರಾಟ್‌ಹೌಸಿಗೆ ಫೋನ್ ಮಾಡಿದೆ. ಅಂಚೆಯ ಓಟಿಗೆಂದು ಕಾಗದ ತರಿಸಿಕೊಂಡವರು ಮನಸ್ಸು ಬದಲಿಸಬಹುದೇ ಎಂದು ಕೇಳಿದೆ. ಲಕೋಟೆ ಇನ್ನೂ ಕಳಿಸಿಲ್ಲವಾದರೆ ಆಗುತ್ತದೆ ಎಂದಳು ಆ ಕಡೆಯ ಹೆಂಗಸು. ಸಹಿ ಹಾಕದ ಆ ಪ್ರಮಾಣದ ಕಾಗದವನ್ನೂ ಗುರುತಿನ ಚೀಟಿಯನ್ನೂ ತೆಗೆದುಕೊಂಡು ಭಾನುವಾರ ಮತಗಟ್ಟೆಗೆ ಬಂದರೆ ಸಾಕು, ಅಲ್ಲೇ ಹೊಸ ಮತಪತ್ರ ಕೊಡುತ್ತಾರೆ. ಆಮೇಲೆ ಕೇಳಿದಳು, "ನೀವೇ ಮತದಾರರಾ?"

"ಅಲ್ಲ. ನಾನು ಮೇಲಿನ ಮನೆಯವಳು."

"ಹಾಗಾದರೆ ಅವರಿಗೆ ತಿಳಿಸಿ," ಎಂದಳು, ಅದೇನು ದೊಡ್ಡ ವಿಷಯ ಎನ್ನುವ ಹಾಗೆ.

ತಿಳಿಸಲು ಕೆಳಗಿಳಿದೆ. ಬಾಗಿಲು ತೆರೆದವರು ಪೀಟರ್ ಅಂಕಲ್. ಕಿವಿಯ ಮೇಲೆ ಪೆನ್ಸಿಲ್, ಮುಖದ ತುಂಬ ನಗು. "ಬಾ ಬಾ. ಎಂತ ಬೇಕಿತ್ತು?"

"ಸ್ವಲ್ಪ ಸಾಸಿವೆ," ಎಂದೆ.

ಅಡುಗೆಮನೆಯಿಂದ ಐರಿನ್ ಬಾಯಮ್ಮ ಕತ್ತು ಚಾಚಿ ನನ್ನನ್ನೇ ನೋಡಿದರು. ನಮ್ಮ ಮನೆಯಲ್ಲಿ ಸಾಸಿವೆ ದೊಡ್ಡ ಡಬ್ಬಿಯ ತುಂಬ ಇದೆ. ಹೈಡೆಲ್‌ಬರ್ಗ್‌ನ ಅಂಗಡಿಯಿಂದ ಎರಡೂ ಮನೆಗೆ ತರುವವಳು ನಾನೇ. ಅವರು ಒಂದು ಸಣ್ಣ ಬಟ್ಟಲಿನಲ್ಲಿ ಸಾಸಿವೆ ಹಾಕಿ ಕೊಟ್ಟರು. ನಾನು ಅದನ್ನು ಹಿಡಿದುಕೊಂಡು ಮೇಲೆ ಬಂದು, ಮಾಡಬಾರದ್ದು ಮಾಡಿದವಳ ಹಾಗೆ ಕೂತೆ. ಹೇಳಬೇಕಿತ್ತೋ, ಹೇಳದ್ದೇ ಒಳ್ಳೆಯದಾಯಿತೋ? ಝುಹೈಬ್ ಹೇಳಿದ ಹಾಗೆ, ಅವರೇ ಕೇಳದೆ ಇರುವಾಗ ನಾನು ಯಾರು? ಆದರೆ ಆ ದೊಡ್ಡ ಸಿಸ್ಟರ್ ಕೂಡ ಅದನ್ನೇ ಅಲ್ಲವೇ ಹೇಳಿದ್ದು, ನೀನು ಕೇಳಲೇ ಇಲ್ಲವಲ್ಲ ಎಂದು?

ಇವತ್ತು, ಶುಕ್ರವಾರ, ಐರಿನ್ ಬಾಯಮ್ಮ ಮೇಲೆ ಬಂದರು. ಮಂಡಿ ನೋವು ಶುರುವಾದ ಮೇಲೆ ಅವರು ಮೆಟ್ಟಿಲು ಹತ್ತಿದ್ದಿಲ್ಲ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರುವ ಸದ್ದು ಕೇಳಿ ನಾನು ಓಡಿಹೋಗಿ ಕೈಕೊಟ್ಟೆ.

"ಸಾಸಿವೆ ವಾಪಸ್ ತಗೊಳ್ಳಿಕ್ಕೆ ಬಂದೆ," ಎಂದರು.

ಅಡುಗೆಮನೆಯಲ್ಲಿ ಕೂರಿಸಿ ನೀರು ಕೊಟ್ಟೆ. ಏದುಸಿರು ಇಳಿದ ಮೇಲೆ, "ನಿನ್ನೆ ಎಂತಕ್ಕೆ ಬಂದದ್ದು, ಈಗ ಹೇಳು," ಎಂದರು.

ರಾಟ್‌ಹೌಸಿನವಳು ಹೇಳಿದ್ದನ್ನು ಹೇಳಿದೆ. ನಡುವೆ ಎರಡು ಸಲ "ನಿಮ್ಮಿಷ್ಟ" ಎಂದೆ, ಒಂದು ಸಲ "ನಾನು ಹೇಳಿದ್ದು ತಪ್ಪಾದರೆ ಕ್ಷಮಿಸಿ" ಎಂದೆ. ಅವರು ಪೂರ್ತಿ ಕೇಳಿ, ಕತ್ತಿನ ದಾರ ಎಳೆದು ಚೀಲವನ್ನು ಹೊರತೆಗೆದರು. ಪಾಸ್‌ಪೋರ್ಟ್ ಇರುತ್ತಿದ್ದ ಜಾಗದಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ ಇತ್ತು. ಬಿಡಿಸಿ ತೋರಿಸಿದರು. ಅದೇ ಕಾಗದ. ಪೆನ್ಸಿಲ್ ಗುರುತು ಹಾಗೇ ಇತ್ತು, ಸಹಿ ಇರಲಿಲ್ಲ.

"ಬುಧವಾರ ನೀವು ಹೋದ ಮೇಲೆ ತೆಗೆದಿಟ್ಟೆ. ಯಾಕೆ ಅಂತ ಆಗ ಗೊತ್ತಿರ್ಲಿಲ್ಲ. ಕೆಂಪು ಲಕೋಟೆ ಶೆಲ್ಫಲ್ಲೇ ಉಂಟು. ದಪ್ಪ ಕಡಿಮೆ ಆದ್ರೆ ಇವರಿಗೆ ಗೊತ್ತಾಗ್ತದಲ್ಲ, ಒಳಗೆ ಅಂಗಡಿಯ ಜಾಹೀರಾತು ಮಡಚಿ ಇಟ್ಟಿದ್ದೇನೆ."

ನನಗೆ ನಗು ಬಂತು. ಅವರು ನಗಲಿಲ್ಲ.

"ಒಂದು ವಿಷಯ ಹೇಳ್ತೇನೆ, ನಗ್ಬೇಡ. ಯಾರಿಗೆ ಹಾಕುದು ಅಂತ ನನಗೆ ಗೊತ್ತೇ ಇಲ್ಲ. ದಿನಾ ಟಿವಿ ನೋಡಿದೆ. ಎಲ್ಲರೂ ಸರಿ ಹೇಳಿದ ಹಾಗೂ ಕಾಣ್ತದೆ, ಎಲ್ಲರೂ ಸುಳ್ಳು ಹೇಳಿದ ಹಾಗೂ ಕಾಣ್ತದೆ. ನಮ್ಮಂಥವರು ಇಲ್ಲಿಂದ ಹೋಗ್ಬೇಕು ಅನ್ನುವವರಿಗೆ ಇಲ್ಲ, ಅದೊಂದು ಗೊತ್ತು. ಉಳಿದವರಲ್ಲಿ ಯಾರು? ಕಡೆಗೆ ಇವರು ಹಾಕಿದವರಿಗೇ ಹಾಕಿಯೇನು."

"ಅಂಕಲ್ ಯಾರಿಗೆ ಹಾಕಿದ್ದು?"

"ಅದೇ ಗೊತ್ತಿಲ್ಲವಲ್ಲ ಮಾರಾಯ್ತಿ."

ಈಗ ಇಬ್ಬರೂ ನಕ್ಕೆವು. ಅವರಿಗೆ ಕೆಮ್ಮು ಬರುವಷ್ಟು ನಗು ಬಂತು. ಕೆಮ್ಮು ನಿಂತ ಮೇಲೆ ನಾನು ಕೇಳಿದೆ, "ಅಂಕಲ್‌ಗೇ ಹೇಳ್ಬಹುದಲ್ಲ? ಬೇಡ ಅನ್ನುವವರಲ್ಲ ಅವರು."

"ಬೇಡ ಅನ್ನುದಿಲ್ಲ. ಅದೇ ಕಷ್ಟ." ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡುತ್ತಾ ಹೇಳಿದರು. "ಹೌದಾ, ಬಾ, ಅಂತ ಕೋಟು ಹಾಕಿ ಹೊರಡ್ತಾರೆ. ಕಾರಿನ ಬಾಗಿಲು ತೆಗೀತಾರೆ. ಮತಗಟ್ಟೆಯ ಬಾಗಿಲ ತನಕ ಕೈ ಹಿಡೀತಾರೆ. ಇಂಥವರಿಗೆ ಹಾಕು ಅಂತ ಒಂದು ಮಾತು ಹೇಳ್ಲಿಕ್ಕಿಲ್ಲ. ಆದ್ರೆ ಒಳಗೆ ಆ ರಟ್ಟಿನ ಮರೆಯಲ್ಲಿ ನಿಂತಾಗಲೂ ನನಗೆ ನನ್ನ ಕೈ ಅವರ ಕೈಯಲ್ಲೇ ಇದ್ದ ಹಾಗೆ ಇರ್ತದೆ. ಅವರ ತಪ್ಪಲ್ಲ, ನನ್ನ ಅಭ್ಯಾಸ. ಹಾಕಿ ಬಂದ ಮೇಲೆ ಹೇಳ್ತೇನೆ. ಚಹಾ ಕುಡಿಯುವಾಗ ನಾನೇ ಹೇಳ್ತೇನೆ."

"ಬೇಜಾರು ಮಾಡ್ಕೊಂಡ್ರೆ?"

"ಮಾಡ್ಕೊಳ್ತಾರೆ," ಎಂದರು. ಚೀಲವನ್ನು ರವಿಕೆಯೊಳಗೆ ಸೇರಿಸಿ, ಮೇಲಿಂದ ಒಮ್ಮೆ ಮುಟ್ಟಿ ನೋಡಿಕೊಂಡರು.

"ನಾನು ನಿಮ್ಮ ಜೊತೆ ಬರ್ಲಾ? ಮತಗಟ್ಟೆ ಹಿಬಾಳ ಶಾಲೆಯಲ್ಲೇ."

"ಬೇಡ. ಶಾಲೆ ಎಷ್ಟು ದೂರ, ಕೋಲು ಹಿಡ್ಕೊಂಡು ಹೋಗ್ತೇನೆ. ಒಬ್ಬಳೇ ಹೋಗ್ಬೇಕು. ನಿನ್ನಿಂದ ಬೇರೆ ಒಂದು ಉಪಕಾರ ಆಗ್ಬೇಕಿತ್ತು." ಎದ್ದು ನಿಲ್ಲಲು ಮೇಜು ಹಿಡಿದವರು ಹಾಗೇ ಮತ್ತೆ ಕೂತರು. "ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಇವರನ್ನು ಸ್ವಲ್ಪ ಹೊತ್ತು ನಿಮ್ಮ ಮನೆಯಲ್ಲಿ ಕೂರಿಸ್ಕೊಳ್ತೀಯಾ?"

"ಅದಕ್ಕೇನು. ಇನ್ನು ಒಂದು ವಾರಕ್ಕೆ ರಂಜಾನ್ ಉಪವಾಸ ಶುರು, ಅದಕ್ಕೆ ಮೊದಲು ಊಟಕ್ಕೆ ಕರೆದೆ ಅಂತ ಹೇಳ್ತೇನೆ. ಬಂಗುಡೆ ಪುಳಿಮುಂಚಿ ಮಾಡ್ತೇನೆ."

"ಊಟಕ್ಕೆ ಅಂದ್ರೆ ನನ್ನನ್ನು ಬಿಟ್ಟು ಬರುವವರಲ್ಲ. ಬಂದ್ರೂ ಉಂಡು ಕೈ ತೊಳೆದ ಕೂಡಲೇ ಐರಿನ್ ಒಬ್ಬಳೇ ಇದ್ದಾಳೆ ಅಂತ ಏಳ್ತಾರೆ." ಅವರ ಕಣ್ಣು ಅಡುಗೆಮನೆಯಲ್ಲಿ ಏನನ್ನೋ ಹುಡುಕುತ್ತಾ ಹೋಗಿ ಫ್ರಿಡ್ಜಿನ ಮೇಲೆ ನಿಂತಿತು. "ಅವರಿಗೆ ತುಂಬಿಸ್ಲಿಕ್ಕೆ ಎಂತಾದ್ರೂ ಒಂದು ಫಾರ್ಮ್ ಕೊಡು. ದೊಡ್ಡದು ನೋಡಿ ಕೊಡು, ತುಂಬ ಪುಟ ಇರುವಂಥದ್ದು. ಅಗೋ, ಅದು ನಿನ್ನದಲ್ವಾ? ಅದನ್ನೇ ಕೊಡು. ಸೈನ್ ಮಾತ್ರ ಆ ದಿನವೇ ಮಾಡ್ಬೇಡ, ಪೆನ್ಸಿಲ್ ಗುರುತು ಹಾಗೇ ಇರ್ಲಿ. ಅದನ್ನು ಆಮೇಲೆ ನೀನೇ ಕೂತು ಯೋಚನೆ ಮಾಡು."